ನೋವಿಲ್ಲ ಅಂತ ಸುಮ್ಮನಿರಬೇಡಿ

ಸ್ಟುಡಿಯೊಗೆ ನಾನು ಹೆಚ್ಚಿನ ದಿನ ಮೆಟ್ರೋದಲ್ಲೇ ಹೋಗೋದು. ಮುಂದಿನ ನಿಲ್ದಾಣ ಯಾವುದು ಅಂತ ಹೇಳುವ ಆ ಕನ್ನಡದ ದನಿ ಕೇಳಿದಾಗೆಲ್ಲ ಮನಸ್ಸು ಭಾರವಾಗುತ್ತೆ. ಅದು ಅಪರ್ಣಾ ಅವರ ದನಿ. ನಿರೂಪಣೆ ಅಂದ್ರೆ ಹೇಗಿರಬೇಕು ಅಂತ ನಮ್ಮಂಥವರಿಗೆ ತೋರಿಸಿಕೊಟ್ಟವರು ಅವರು. 2024ರ ಜುಲೈ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಾಯಿಲೆ ಗೊತ್ತಾದಾಗಲೇ ಅದು ನಾಲ್ಕನೇ ಹಂತದಲ್ಲಿತ್ತು.

ನಾಲ್ಕನೇ ಹಂತ. ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೀವಿ, ಅಲ್ವಾ? ಯಾರ ಮನೆ ಕಥೆ ಕೇಳಿದರೂ "ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು" ಅಂತಾರೆ. ಯಾಕೆ ತಡ ಆಗುತ್ತೆ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಕ್ಯಾನ್ಸರ್ ಅಂದ್ರೆ ಏನು? ನಾನು ಡಾಕ್ಟರ್ ಅಲ್ಲ, ಓದಿದ್ದು ಇಂಜಿನಿಯರಿಂಗ್. ಸ್ಟುಡಿಯೊಗೆ ಬಂದ ತಜ್ಞರನ್ನು ಕಾಡಿ ಬೇಡಿ ತಿಳಿದುಕೊಂಡಿದ್ದನ್ನು ನನ್ನ ಭಾಷೆಯಲ್ಲಿ ಹೇಳ್ತೀನಿ. ನಮ್ಮ ಪ್ರತಿ ಜೀವಕೋಶದಲ್ಲೂ ಒಂದು ಪ್ರೋಗ್ರಾಂ ಇದೆ. ಯಾವಾಗ ಎರಡಾಗಬೇಕು, ಯಾವಾಗ ನಿಲ್ಲಿಸಬೇಕು, ಯಾವಾಗ ಸಾಯಬೇಕು, ಎಲ್ಲ ಅದರಲ್ಲಿ ಬರೆದಿದೆ. ಆ ಬರಹದಲ್ಲಿ ತಪ್ಪುಗಳು ಸೇರುತ್ತಾ ಹೋಗಿ, ಒಂದು ದಿನ 'ನಿಲ್ಲಿಸು' ಅನ್ನೋ ಆದೇಶವೇ ಕೆಟ್ಟುಹೋದರೆ? ಆ ಕೋಶ ಬೆಳೀತಾನೇ ಇರುತ್ತೆ. ತಪ್ಪು ಕೂಡ ಅದರ ಜೊತೆಗೇ ನಕಲಾಗುತ್ತೆ.

ಇದು ಒಂದೇ ಕಾಯಿಲೆ ಅಲ್ಲ, ನೂರಕ್ಕೂ ಹೆಚ್ಚು ಬಗೆ ಇದೆ. ಬಾಯಿ, ಸ್ತನ, ಶ್ವಾಸಕೋಶ, ಹೊಟ್ಟೆ ಹೀಗೆ ಅಂಗಗಳ ಒಳಪದರದಲ್ಲಿ ಹುಟ್ಟೋದು ಕಾರ್ಸಿನೋಮಾ. ಮೂಳೆ, ಸ್ನಾಯುವಿನದು ಸಾರ್ಕೋಮಾ. ರಕ್ತದ್ದು ಲ್ಯುಕೇಮಿಯಾ. ದುಗ್ಧಗ್ರಂಥಿಗಳದ್ದು ಲಿಂಫೋಮಾ. ಹಾಗಾಗಿ ಪಕ್ಕದ ಮನೆಯವರಿಗೆ ಕೊಟ್ಟ ಚಿಕಿತ್ಸೆಯೇ ನಿಮಗೂ ಆಗಬೇಕು ಅಂತೇನಿಲ್ಲ.

ಈಗ ತಡದ ವಿಷಯ. ನಮ್ಮ ದೊಡ್ಡಮ್ಮ ಅರಸೀಕೆರೆ ಹತ್ತಿರದ ಹಳ್ಳಿಯವರು. ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿದೆ. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಗೊತ್ತಾಗಿ ನಾನು ರೇಗಿದ್ರೆ, "ನೋವೇ ಇರಲಿಲ್ಲ ಕಣೋ, ಏನು ಅಂತ ಹೇಳ್ಲಿ?" ಅಂದ್ರು.

ಅವರ ತಪ್ಪೇನಿದೆ? ನಾವೆಲ್ಲ ನಂಬಿರೋದೇ ಹಾಗೆ. ನೋವಿದ್ರೆ ಕಾಯಿಲೆ, ಇಲ್ಲದಿದ್ರೆ ಇಲ್ಲ. ಆದರೆ ಕ್ಯಾನ್ಸರ್ ಬಹಳ ಸಲ ಶುರುವಿನಲ್ಲಿ ನೋಯೋದೇ ಇಲ್ಲ. ಗಂಟು ದೊಡ್ಡದಾಗಿ ನರವನ್ನೋ ಮೂಳೆಯನ್ನೋ ಒತ್ತಿದಾಗ ನೋವು ಬರುತ್ತೆ. ಅಷ್ಟು ಹೊತ್ತಿಗೆ ತಡ ಆಗಿರುತ್ತೆ.

ಹಾಗಾದ್ರೆ ಏನು ನೋಡಬೇಕು? ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ. ಎದೆ, ಕುತ್ತಿಗೆ, ಕಂಕುಳಲ್ಲಿ ಗಂಟು. ಬಿಡದ ಕೆಮ್ಮು, ಕಫದಲ್ಲಿ ರಕ್ತ. ಮೂತ್ರದಲ್ಲಿ ರಕ್ತ. ಮಲದಲ್ಲಿ ರಕ್ತ ಬಂದ್ರೆ 'ಮೂಲವ್ಯಾಧಿ ಇರಬೇಕು' ಅಂತ ನಾವೇ ತೀರ್ಪು ಕೊಡೋದು ಬೇಡ. ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ. ಕಾರಣವಿಲ್ಲದೆ ತೂಕ ಇಳಿಯೋದು. ಇವೆಲ್ಲ ಕ್ಯಾನ್ಸರೇ ಅಂತಲ್ಲ, ಹೆಚ್ಚಿನವು ಅಲ್ಲ. ಅಲ್ಲ ಅಂತ ಹೇಳಬೇಕಾದವರು ಡಾಕ್ಟರ್ ಅಷ್ಟೇ.

2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ 14 ಲಕ್ಷ ಹೊಸ ಪ್ರಕರಣ, 9 ಲಕ್ಷ ಸಾವು. ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಮೊದಲು, ಆಮೇಲೆ ಗರ್ಭಕಂಠದ್ದು. ಗಂಡಸರಲ್ಲಿ ಬಾಯಿಯದ್ದೇ ಮೊದಲು. ಇದರಲ್ಲಿ ಎಷ್ಟೋ ತಡೆಯಬಹುದಾದದ್ದು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯ್ತು. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಬಾಯಲ್ಲಿ ಮತ್ತೆ ಗುಟ್ಕಾನೇ! ಮಲೆನಾಡಿನ ಬೆಳೆಗಾರರು ಬೇಜಾರು ಮಾಡ್ಕೋಬೇಡಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತಲೇ ಹೇಳಿದೆ. ಅಗಿಯೋ ಅಭ್ಯಾಸ ಇದ್ದವರು ಕನ್ನಡಿ ಮುಂದೆ ನಿಂತು ಬಾಯಿ ತೆರೆಯಿರಿ. ಮೂರು ಬೆರಳು ಒಂದರ ಮೇಲೊಂದಾಗಿ ಒಳಗೆ ಹೋಗದಿದ್ರೆ ದಂತವೈದ್ಯರಿಗೆ ತೋರಿಸಿ.

ಗರ್ಭಕಂಠದ ಕ್ಯಾನ್ಸರ್‌ಗೆ ಬಹುತೇಕ ಎಚ್‌ಪಿವಿ ವೈರಸ್ ಕಾರಣ, ಅದಕ್ಕೆ ಲಸಿಕೆ ಇದೆ. 9ರಿಂದ 14 ವಯಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಹಾಕಿಸೋದು ಒಳ್ಳೇದು. 2023ರಿಂದ ನಮ್ಮ ದೇಶದಲ್ಲೇ ತಯಾರಾದ ಲಸಿಕೆಯೂ ಸಿಗುತ್ತಿದೆ.

ಚಿಕಿತ್ಸೆ? ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋ ಮೂರು ಮುಖ್ಯ ದಾರಿ. ಈಗ ಕೆಟ್ಟ ಕೋಶವನ್ನೇ ಗುರಿಯಿಟ್ಟು ಹೊಡೆಯೋ ಮಾತ್ರೆಗಳೂ ಇವೆ. 2001ರಲ್ಲಿ ಬಂದ ಇಮ್ಯಾಟಿನಿಬ್, ಒಂದು ಬಗೆಯ ರಕ್ತದ ಕ್ಯಾನ್ಸರ್‌ನ ಕಥೆಯನ್ನೇ ಬದಲಿಸಿತು. ದಿನಾ ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗೋರಿದ್ದಾರೆ. "ಸೂಜಿ ಚುಚ್ಚಿದ್ರೆ ಹರಡುತ್ತೆ" ಅನ್ನೋ ಭಯ ಬಿಡಿ. ಬಯಾಪ್ಸಿ ಇಲ್ಲದೆ ಅದು ಯಾವ ಕ್ಯಾನ್ಸರ್ ಅಂತಲೇ ಗೊತ್ತಾಗಲ್ಲ. ದುಡ್ಡಿನ ಚಿಂತೆ ಇದ್ದವರಿಗೆ ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ, ಆಯುಷ್ಮಾನ್ ಆರೋಗ್ಯ ಕರ್ನಾಟಕ ಯೋಜನೆ ಬಗ್ಗೆ ಅಲ್ಲೇ ವಿಚಾರಿಸಿ.

ನಮ್ಮ ದೊಡ್ಡಮ್ಮ ಉಳಿದರು. ಆದರೆ ಒಂದು ಸ್ತನ ಪೂರ್ತಿ ತೆಗೆಯಬೇಕಾಯಿತು, ಕೀಮೋ ಆಯಿತು, ಕೂದಲು ಹೋಯಿತು. ಎಂಟು ತಿಂಗಳು ಮೊದಲೇ ಬಂದಿದ್ರೆ ಬರೀ ಗಂಟು ತೆಗೆದರೆ ಸಾಕಾಗ್ತಿತ್ತೇನೋ ಅಂದರು ಡಾಕ್ಟರ್. ಆ 'ಏನೋ' ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹಬ್ಬಕ್ಕೆ ಹೋದಾಗೆಲ್ಲ ಅವರನ್ನು "ಸಕ್ಕರೆ ಹೇಗಿದೆ, ಬಿಪಿ ಹೇಗಿದೆ" ಅಂತ ಕೇಳ್ತಿದ್ದೆ. ಬೇರೆ ಏನಾದ್ರೂ ಇದೆಯಾ ಅಂತ ಕೇಳಲೇ ಇಲ್ಲ.

ಇವತ್ತು ಊಟ ಆದ ಮೇಲೆ ನಿಮ್ಮ ಮನೇಲಿ ಆ ಪ್ರಶ್ನೆ ಕೇಳಿ. ನೋವಿದೆಯಾ ಅಂತ ಅಲ್ಲ, ಮೈಯಲ್ಲಿ ಏನಾದ್ರೂ ಹೊಸದು ಕಾಣಿಸ್ತಿದೆಯಾ ಅಂತ.