ಚಂಡಮಾರುತದ ದಿನಗಳಲ್ಲಿ ಹಿತ್ತಿಲ ಕೋಳಿಗಳ ರಕ್ಷಣೆ

ಮಠದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಕೋಳಿಯ ವಿಷಯವೇ ಎಂದು ಹುಬ್ಬೇರಿಸುವ ವಾಚಕರು ಇದ್ದಾರು. ಆದರೆ ಮಂಗಳೂರಿನ ಹೊರವಲಯದಲ್ಲಿಯೂ ಕಡಲಂಚಿನ ಕೇರಿಗಳಲ್ಲಿಯೂ ಐದಾರು ಊರಕೋಳಿಗಳನ್ನು ಸಾಕಿಕೊಂಡಿರುವ ಮನೆಗಳು ಅನೇಕ. ಮೊಟ್ಟೆ ಮಾರಿ ಬಂದ ಹಣದಿಂದ ಮಕ್ಕಳ ನೋಟುಪುಸ್ತಕ, ಬಸ್ಸಿನ ಖರ್ಚುಗಳನ್ನು ಸರಿದೂಗಿಸುವ ತಾಯಂದಿರನ್ನು ನಮ್ಮ ಅಧ್ಯಾಪಕರೆಲ್ಲರೂ ಬಲ್ಲರು. ಅಂತಹ ಮನೆಗೆ ಒಂದು ರಾತ್ರಿಯ ಬಿರುಗಾಳಿಯಿಂದಾಗುವ ನಷ್ಟವು ಹೊರಗಿನವರ ಕಣ್ಣಿಗೆ ಸಣ್ಣದು, ಮನೆಯೊಳಗಿನವರಿಗೆ ಸಣ್ಣದಲ್ಲ.

೨೦೨೧ರ ಮೇ ೧೪ರಂದು ಲಕ್ಷದ್ವೀಪದ ಬಳಿ ಅರಬ್ಬೀ ಸಮುದ್ರದಲ್ಲಿ ಹುಟ್ಟಿದ ವಾಯುಭಾರ ಕುಸಿತವು ‘ತೌಕ್ತೆ’ ಎಂಬ ಚಂಡಮಾರುತವಾಗಿ ಬೆಳೆದು, ೧೭ರ ರಾತ್ರಿ ಗುಜರಾತಿನ ಕರಾವಳಿಯನ್ನು ಹೊಕ್ಕಿತು. ಹೆಸರನ್ನು ಕೊಟ್ಟದ್ದು ಮ್ಯಾನ್ಮಾರ್ ದೇಶ. ಅದರ ಅರ್ಥ ಗಟ್ಟಿಯಾಗಿ ಲೊಚಗುಟ್ಟುವ ಒಂದು ಬಗೆಯ ಹಲ್ಲಿ. ಅದರ ಕೇಂದ್ರವು ನಮ್ಮ ದಡವನ್ನು ಮುಟ್ಟಲೇ ಇಲ್ಲ, ದೂರದ ಕಡಲಿನಲ್ಲಿಯೇ ಉತ್ತರಕ್ಕೆ ಸಾಗಿತು. ಆದರೂ ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲು ದಡವನ್ನು ಕೊರೆಯಿತು, ಮರಗಳು ಉರುಳಿದವು. ಅದೇ ದಿನಗಳಲ್ಲಿ ಕೊರೋನಾ ನಿಮಿತ್ತದ ಲಾಕ್‌ಡೌನ್ ಬೇರೆ ಜಾರಿಯಲ್ಲಿದ್ದುದರಿಂದ ಅಂಗಡಿಗಳು ಬೆಳಗಿನ ಕೆಲವೇ ಗಂಟೆಗಳ ಕಾಲ ತೆರೆಯುತ್ತಿದ್ದವು.

ಅರಬ್ಬೀ ಸಮುದ್ರದ ಚಂಡಮಾರುತಗಳು ಹೆಚ್ಚಾಗಿ ಮುಂಗಾರಿಗೆ ಮೊದಲು ಮೇ-ಜೂನ್‌ಗಳಲ್ಲಿ, ಮತ್ತು ಮುಂಗಾರು ಮುಗಿದ ಬಳಿಕ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಏಳುತ್ತವೆ. ನಡುವಣ ಮಳೆಗಾಲದಲ್ಲಿ ಕೆಳಗಿನ ಗಾಳಿಯೊಂದು ದಿಕ್ಕು, ಮೇಲಿನ ಗಾಳಿಯೊಂದು ದಿಕ್ಕಾಗಿ ಬೀಸುವುದರಿಂದ ಸುಳಿಯು ನೆಟ್ಟಗೆ ನಿಲ್ಲಲಾರದು. ನಮ್ಮ ಉತ್ತರಾರ್ಧಗೋಳದಲ್ಲಿ ಸುಳಿಯು ಅಪ್ರದಕ್ಷಿಣವಾಗಿ ತಿರುಗುತ್ತದೆ. ಆದ್ದರಿಂದ ಅದು ನಮಗೆ ನೈಋತ್ಯದಲ್ಲಿರುವಾಗ ಗಾಳಿಯು ಆಗ್ನೇಯದಿಂದ, ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದಿಂದ, ಉತ್ತರಕ್ಕೆ ಸರಿದ ಮೇಲೆ ನೈಋತ್ಯದಿಂದ ಬೀಸುತ್ತದೆ. ಮಳೆಗಾಲದ ರೂಢಿಯಂತೆ ಪಡುವಣ ಬದಿಗೊಂದು ಮಡಲಿನ ತಟ್ಟಿ ಕಟ್ಟಿದರೆ ಸಾಲದೆಂಬುದು ಇದರಿಂದ ಸ್ಪಷ್ಟ.

ಇನ್ನು ಕೋಳಿಯ ದೇಹಧರ್ಮ. ಅದರ ಉಷ್ಣತೆ ಸುಮಾರು ೪೧ ಡಿಗ್ರಿ, ನಮ್ಮದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಗರಿಗಳ ನಡುವೆ ಸೆರೆಯಾದ ಗಾಳಿಯೇ ಅದರ ಕಂಬಳಿ. ಆದರೆ ಬಾತುಕೋಳಿಯ ಗರಿಯಂತೆ ಅದು ನೀರನ್ನು ತಡೆಯಲಾರದು. ಹನಿಮಳೆಯನ್ನು ಕೊಡವಿಕೊಂಡೀತು; ಗಂಟೆಗಟ್ಟಲೆ ಓರೆಯಾಗಿ ಬಡಿಯುವ ಮಳೆಗೆ ಆ ಗಾಳಿಯ ಪದರವು ಕುಸಿದು ಮೈಯ ಶಾಖವೆಲ್ಲ ಸೋರಿಹೋಗುತ್ತದೆ. ಗರಿ ಮೂಡದ ಮರಿಗಳಿಗೆ ಮೊದಲ ವಾರದಲ್ಲಿ ೩೩-೩೫ ಡಿಗ್ರಿಗಳ ಬಿಸುಪು ಬೇಕು. ಅದನ್ನು ಹೇಂಟೆಯ ರೆಕ್ಕೆಯಡಿ ಕಾಣಬೇಕು. ಹಾಗೆಂದು ಎಲ್ಲವನ್ನೂ ಮುಚ್ಚಿಬಿಡುವಂತೆಯೂ ಇಲ್ಲ. ಕೋಳಿಗೆ ಬೆವರುಗ್ರಂಥಿಗಳಿಲ್ಲ, ಬಾಯ್ದೆರೆದು ಏದುಸಿರುಬಿಟ್ಟೇ ತಾಪವನ್ನು ಹೊರಹಾಕಬೇಕು. ಮೇ ತಿಂಗಳ ನಮ್ಮ ಸೆಕೆಯಲ್ಲಿ ಗಾಳಿಯಾಡದ ಗೂಡಿನೊಳಗೆ ಹಿಕ್ಕೆಯ ಅಮೋನಿಯಾ ವಾಸನೆ ತುಂಬಿದರೆ ಅವು ಉಸಿರುಗಟ್ಟಿ ಸಾಯುವುದುಂಟು. ಮಳೆ ಹೊಗಬಾರದು, ಗಾಳಿ ಆಡಬೇಕು: ಕಷ್ಟವಿರುವುದು ಈ ಎರಡನ್ನೂ ಹೊಂದಿಸುವುದರಲ್ಲಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ತೌಕ್ತೆಯ ಸಂಜೆ ನಮ್ಮ ಹಿತ್ತಿಲಿನ ಮರದ ಗೂಡಿಗೆ ಟಾರ್ಪಾಲನ್ನು ನಾಲ್ಕೂ ಕಡೆಯಿಂದ ಸುತ್ತಿ, ಹಗ್ಗ ಬಿಗಿದು, ಕೆಲಸ ಮುಗಿಯಿತೆಂದು ಒಳಗೆ ಬಂದೆ. ರಾತ್ರಿ ಗಾಳಿಯೆದ್ದಾಗ ಆ ಟಾರ್ಪಾಲು ಹಡಗಿನ ಹಾಯಿಯಂತೆ ಉಬ್ಬಿ ಗೂಡನ್ನೇ ಮಗುಚಿಹಾಕಿತು. ಬೆಳಗ್ಗೆ ನೋಡಿದರೆ ದೊಡ್ಡ ಕೋಳಿಗಳು ತೊಯ್ದು ತೊಪ್ಪೆಯಾಗಿ ಗೋಡೆಗೊರಗಿ ನಿಂತಿದ್ದವು. ಒಂಬತ್ತು ಮರಿಗಳು ನಾಲ್ಕು ಬೆರಳು ಆಳವೂ ಇಲ್ಲದ ನೀರಿನಲ್ಲಿ ಸತ್ತುಬಿದ್ದಿದ್ದವು. ಹೇಂಟೆಯು ಮೂರು ದಿನ ಅದೇ ಜಾಗದಲ್ಲಿ ಕೆದಕುತ್ತ, ಕರೆಯುತ್ತ ತಿರುಗಿತು. ನೆರೆಮನೆಯ ಅಜ್ಜಿ ತನ್ನವನ್ನು ಕತ್ತಲಾದೊಡನೆ ಹಿಡಿದು ಬಚ್ಚಲುಕೊಟ್ಟಿಗೆಯಲ್ಲಿ ಬುಟ್ಟಿಯಡಿ ಮುಚ್ಚಿಟ್ಟಿದ್ದರು, ಒಂದೂ ಸಾಯಲಿಲ್ಲ. “ಗೂಡಿಗೆ ಕೊಡೆ ಹಿಡಿದಿರಿ ಮಾಷ್ಟ್ರೇ, ಕೋಳಿಯನ್ನು ಒಳಗೆ ತರಲಿಲ್ಲ” ಎಂದರು. ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ಆದುದರಿಂದ ಹವಾಮಾನ ಇಲಾಖೆಯ ಮುನ್ಸೂಚನೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಕೋಳಿಗಳನ್ನು ಒಳಕ್ಕೆ ತರುವುದು. ನಮ್ಮ ಊರಕೋಳಿಗಳು ಹಲಸು, ಪೇರಳೆ ಮರಗಳ ಕೊಂಬೆಯಲ್ಲಿ ಮಲಗುವ ಅಭ್ಯಾಸದವು. ಕತ್ತಲಲ್ಲಿ ಅವುಗಳಿಗೆ ಕಣ್ಣು ಕಾಣುವುದು ಕಡಿಮೆ. ಹಗಲಿನಲ್ಲಿ ಅಟ್ಟಾಡಿಸುವ ಬದಲು ಮುಸ್ಸಂಜೆ ಕಳೆದ ಮೇಲೆ ಮೆಲ್ಲನೆ ಎತ್ತಿಕೊಂಡರೆ ಗದ್ದಲವಿಲ್ಲ. ಬಚ್ಚಲುಕೊಟ್ಟಿಗೆಯಾಗಲಿ ಸೌದೆಕೊಟ್ಟಿಗೆಯಾಗಲಿ ತೆಂಗಿನ ಮರದಡಿ ಇರಬಾರದು. ನಮ್ಮ ಹೆಂಚಿನ ಬಗ್ಗೆಯೂ ಒಂದು ಮಾತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಇಲ್ಲಿ ತಯಾರಿಸತೊಡಗಿದ ಹೆಂಚು ಎಡೆಬಿಡದ ಮಳೆಯನ್ನು ಚೆನ್ನಾಗಿ ತಾಳುತ್ತದೆ. ಆದರೆ ಸೂರಂಚಿನಡಿ ಹೊಕ್ಕ ಗಾಳಿಯು ಅದನ್ನು ಕೆಳಗಿನಿಂದ ಎತ್ತಿಬಿಡುತ್ತದೆ. ಕೋಳಿಗಳನ್ನು ಸೂರಂಚಿನಿಂದ ದೂರ, ಒಳಗೋಡೆಯ ಪಕ್ಕದಲ್ಲಿಡುವುದು ಲೇಸು.

ಒಳಗೆ ಸ್ಥಳವಿಲ್ಲದವರು ಗೂಡನ್ನು ಕೆಂಪುಕಲ್ಲುಗಳ ಮೇಲೆ ಎರಡಡಿ ಎತ್ತರಿಸಿ, ನೆಲದಲ್ಲಿ ಹೂತ ಗೂಟಗಳಿಗೆ ಕಟ್ಟಬೇಕು. ಟಾರ್ಪಾಲನ್ನು ಮಾಡಿಗೆ ಅಂಟಿಸಿ ಬಿಗಿಯಲಿ, ಬದಿಗಳಿಗೆ ಗೋಣಿ ಇಳಿಬಿಡಲಿ. ಮಾಡಿನ ಕೆಳಗೆ ಸುತ್ತಲೂ ಒಂದು ಗೇಣು ತೆರವಿರಲಿ. ನೇತ್ರಾವತಿ, ಗುರುಪುರ ನದಿಗಳ ತಗ್ಗಿನಲ್ಲಿರುವವರಿಗೆ ಎರಡಡಿಯೂ ಸಾಲದು.

ಒಂದು ಕೋಳಿ ದಿನಕ್ಕೆ ೧೦೦ರಿಂದ ೧೨೦ ಗ್ರಾಂ ಕಾಳು ತಿಂದು ಸುಮಾರು ಕಾಲು ಲೀಟರು ನೀರು ಕುಡಿಯುತ್ತದೆ. ಹತ್ತು ಕೋಳಿಗಳಿಗೆ ಮೂರು ದಿನಕ್ಕೆ ಮೂರೂವರೆ ಕಿಲೋ ಕಾಳು, ಎಂಟು ಲೀಟರು ನೀರು ಇದ್ದರೆ ಸಾಕು. ನೆಲಕ್ಕೆ ನಾಲ್ಕು ಬೆರಳು ದಪ್ಪ ಉಮಿ ಹಾಸಬೇಕು.

ಗಾಳಿ ನಿಂತ ಮೇಲೆ ಬರುವ ಸಾವನ್ನು ಅನೇಕರು ಗಾಳಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಒದ್ದೆ ಹಾಸಿನಲ್ಲಿ ರಕ್ತಭೇದಿಯ ಸೂಕ್ಷ್ಮಜೀವಿಗಳು ಒಂದೆರಡು ದಿನಗಳಲ್ಲಿ ಬಲಿಯುತ್ತವೆ. ವಾರದೊಳಗೆ ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸತೊಡಗುತ್ತವೆ. ಹಾಸನ್ನು ಕೂಡಲೇ ಬದಲಿಸಿ, ಹಿಕ್ಕೆಯಲ್ಲಿ ರಕ್ತ ಕಂಡರೆ ಪಶುವೈದ್ಯರ ಬಳಿಗೆ ಹೋಗಬೇಕು. ರಾಣಿಖೇತ್ ರೋಗದ ಲಸಿಕೆಯನ್ನಾದರೋ ಬೇಸಗೆಯಲ್ಲಿಯೇ ಹಾಕಿಸಿರಬೇಕು. ಬೂಷ್ಟು ಹಿಡಿದ ಅಕ್ಕಿನುಚ್ಚನ್ನು ತೊಳೆದು ಒಣಗಿಸಿ ಹಾಕುವ ಉಳಿತಾಯ ಬೇಡ. ಆ ವಿಷವು ಬಿಸಿಲಿಗೆ ಹೋಗುವಂಥದಲ್ಲ. ಸತ್ತವನ್ನು ಬಾವಿಯಿಂದ ದೂರದಲ್ಲಿ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು.

ನಮ್ಮ ಹೇಂಟೆ ಆ ವರ್ಷ ಅಕ್ಟೋಬರಿನಲ್ಲಿ ಮತ್ತೆ ಕಾವಿಗೆ ಕುಳಿತಿತು. ಅದಕ್ಕೆ ಬಚ್ಚಲುಕೊಟ್ಟಿಗೆಯ ಒಳಗೋಡೆಯ ಪಕ್ಕದಲ್ಲಿಯೇ ಬುಟ್ಟಿ ಇಟ್ಟೆವು.