ಭಾರದ ಲಾರಿಗೆ ತಕ್ಕ ಟೋ ಬಾರ್

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡುವುವು. ಅವುಗಳಲ್ಲಿ ಶ್ರೀಕಂಠೇಶ್ವರನ ಗೌತಮ ರಥವೇ ಎಲ್ಲಕ್ಕೂ ದೊಡ್ಡದು. ಜನರು ಹಗ್ಗ ಹಿಡಿದು ಎಳೆದರೆ ರಥ ಮುಂದಕ್ಕೆ ಸಾಗುತ್ತದೆ. ಆದರೆ ಸಾಗುತ್ತಿರುವ ರಥವನ್ನು ಆ ಹಗ್ಗದಿಂದಲೇ ನಿಲ್ಲಿಸುವುದು ಸಾಧ್ಯವಲ್ಲ. ಅದಕ್ಕೆ ಚಕ್ರದ ಬಳಿಯಲ್ಲಿ ಮರದ ಬೆಣೆ ಹಿಡಿದವರು ಬೇರೆ ಇರಬೇಕು. ಹಗ್ಗಕ್ಕೆ ಎಳೆಯುವ ಶಕ್ತಿಯುಂಟೇ ಹೊರತು ತಡೆಯುವ ಶಕ್ತಿಯಿಲ್ಲ. ಎತ್ತಿನ ಗಾಡಿಯ ಸಂಗತಿ ಹಾಗಲ್ಲ. ಗಾಡಿಯು ಕೆರೆಯ ಏರಿಯಿಂದ ಇಳಿಯುವಾಗ ಎತ್ತುಗಳು ಹಿಂದಕ್ಕೆ ಒತ್ತಿಕೊಟ್ಟು ನಿಲ್ಲುತ್ತವೆ. ಆ ಒತ್ತು ನೊಗದಿಂದ ಮೂಕಿಗೂ ಮೂಕಿಯಿಂದ ಗಾಡಿಗೂ ಮುಟ್ಟಿ, ಭಾರವು ಎತ್ತುಗಳ ಮೇಲೆ ನುಗ್ಗದಂತೆ ಕಾಯುತ್ತದೆ. ಕೆಟ್ಟುನಿಂತ ಮೋಟಾರು ಲಾರಿಯನ್ನು ಎಳೆದೊಯ್ಯುವಾಗ ಈ ಮೂಕಿಯ ಕೆಲಸವನ್ನು ಮಾಡುವ ಉಕ್ಕಿನ ದಂಡಕ್ಕೆ ಟೋ ಬಾರ್ ಎಂದು ಹೆಸರು. ಅದನ್ನು ಆರಿಸುವ ಬಗೆ ಹೇಗೆಂಬುದೇ ಇಂದಿನ ವಿಷಯ.

ಸೈನ್ಯವು ಕೈಬಿಟ್ಟ ಲಾರಿಗಳು ನಮ್ಮ ನಾಡಿಗೆ ಹೊಸವಲ್ಲ. 1945ರಲ್ಲಿ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದ ಜೀಪುಗಳೂ ಆರು ಚಕ್ರದೆಳೆತದ ಜಿ.ಎಂ.ಸಿ. ಲಾರಿಗಳೂ ಭಾರತದಲ್ಲಿ ಮಾರಾಟಕ್ಕೆ ಬಂದುವು. ಆಮೇಲೆ, 1959ರಿಂದ ಜಬಲ್ಪುರದಲ್ಲಿ ತಯಾರಾಗತೊಡಗಿದ ಶಕ್ತಿಮಾನ್ ಲಾರಿಗಳು ಸೈನ್ಯದ ಸೇವೆ ಮುಗಿಸಿ ಒಂದೊಂದಾಗಿ ಹರಾಜಿಗೆ ಬಂದುವು. ಇಂಥ ವಾಹನವನ್ನು ಕೊಂಡವರು ಹಲವೊಮ್ಮೆ ಅದನ್ನು ಓಡಿಸಿಕೊಂಡಲ್ಲ, ಎಳೆದುಕೊಂಡೇ ಮನೆಗೆ ತರಬೇಕಾಗುತ್ತದೆ. ಹರಾಜಿನ ಬೆಲೆಯನ್ನು ಲೆಕ್ಕಹಾಕುವಾಗ ಇರುವ ಎಚ್ಚರ ಎಳೆಯುವ ದಂಡವನ್ನು ಆರಿಸುವಾಗ ಇರುವುದಿಲ್ಲವೆಂಬುದು ಸ್ವಲ್ಪ ಸೋಜಿಗದ ಸಂಗತಿ. ಹಿಂದಿನ ಲಾರಿಯಲ್ಲಿ ಚಕ್ರ ಹಿಡಿದು ಕುಳಿತವನ ಪ್ರಾಣವು ಆ ದಂಡವನ್ನೇ ನೆಚ್ಚಿರುತ್ತದೆ.

ಮೊದಲು ತಿಳಿಯಬೇಕಾದುದು ತೂಕ. ಇಲ್ಲಿ ಹೆಸರೇ ಅನೇಕರನ್ನು ದಾರಿ ತಪ್ಪಿಸುತ್ತದೆ. ಯುದ್ಧಕಾಲದ ಜಿ.ಎಂ.ಸಿ. ಲಾರಿಗೆ ‘ಎರಡೂವರೆ ಟನ್ನಿನ ಲಾರಿ’ ಎಂದು ಹೆಸರಷ್ಟೆ. ಅದು ಹಾದಿಯಿಲ್ಲದ ನೆಲದಲ್ಲಿ ಹೊರಬಲ್ಲ ಸರಕಿನ ತೂಕ, ಲಾರಿಯ ತೂಕವಲ್ಲ. ಲಾರಿಯು ಬರಿದಾಗಿದ್ದರೂ ನಾಲ್ಕರಿಂದ ಐದು ಟನ್ ತೂಗುತ್ತದೆ. ಹೊರೆ ಹೊತ್ತರೆ ಏಳು ಟನ್ ದಾಟುತ್ತದೆ. ಎರಡೂವರೆ ಟನ್ನಿಗೆಂದು ದಂಡವನ್ನು ಕೊಂಡವನು ಇಮ್ಮಡಿ ಭಾರವನ್ನು ಅದಕ್ಕೆ ಕಟ್ಟಿದಂತಾಯಿತು. ಆದುದರಿಂದ ವಾಹನದ ಮೇಲಿನ ತಗಡಿನಲ್ಲಿ ಕೆತ್ತಿರುವ ಒಟ್ಟು ತೂಕವನ್ನು ನೋಡಬೇಕು. ತಗಡು ಅಳಿಸಿಹೋಗಿದ್ದರೆ ತೂಕದ ಸೇತುವೆಯ ಮೇಲೆ ನಿಲ್ಲಿಸಿ ತೂಗಿಸಬೇಕು.

ಈಗ ದಂಡದ ಮೇಲೆ ಬೀಳುವ ಬಲವೆಷ್ಟೆಂಬುದನ್ನು ವಿಚಾರಿಸೋಣ. ಎಂಟು ಟನ್ನಿನ ಒಂದು ವಾಹನವಿದೆಯೆಂದು ಭಾವಿಸಿರಿ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ಟಾರು ರಸ್ತೆಯ ಸಮತಲದಲ್ಲಿ ಅದನ್ನು ಎಳೆಯಲು ನೂರಿಪ್ಪತ್ತು ಕಿಲೋಗ್ರಾಂ ತೂಕದಷ್ಟು ಸೆಳೆತ ಹೆಚ್ಚು ಕಡಿಮೆ ಸಾಕು. ಹತ್ತಕ್ಕೊಂದು ಏರಿದ್ದರೆ ಇದಕ್ಕೆ ಎಂಟುನೂರು ಕಿಲೋ ಕೂಡಿಕೊಳ್ಳುತ್ತದೆ. ರಸ್ತೆಯನ್ನು ಬಿಟ್ಟು ನಾಲೆಯ ಕೆಳಗಿನ ಗದ್ದೆಯ ಕೆಸರಿಗೋ ತಲಕಾಡಿನ ಮರಳಿಗೋ ಇಳಿದರೆ ಲೆಕ್ಕವೇ ಬೇರೆಯಾಗುತ್ತದೆ. ಚಕ್ರಗಳು ಹೂತುಕೊಳ್ಳುವ ಸಡಿಲ ನೆಲದಲ್ಲಿ ವಾಹನದ ತೂಕದ ಕಾಲುಭಾಗದಷ್ಟು, ಎಂದರೆ ಎರಡು ಸಾವಿರ ಕಿಲೋ ಸೆಳೆತ ಬೇಕಾದೀತು. ತಲಕಾಡಿನ ಮರಳಿನ ಕಥೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹೂತ ಲಾರಿಯನ್ನು ಮೇಲಕ್ಕೆತ್ತುವುದು ಮಿಣಿಯ ಕೆಲಸ, ಉಕ್ಕಿನ ಹಗ್ಗದ ಕೆಲಸ. ಟೋ ಬಾರನ್ನು ಅದಕ್ಕೆ ಬಳಸಬಾರದು. ಗಟ್ಟಿ ನೆಲಕ್ಕೆ ಬಂದ ಮೇಲೆಯೇ ದಂಡವನ್ನು ತೊಡಿಸಬೇಕು.

ಇದೆಲ್ಲವೂ ಸೆಳೆತದ ಮಾತಾಯಿತು. ಆದರೆ ಒಳ್ಳೆಯ ದಂಡಕ್ಕೂ ಕೆಟ್ಟ ದಂಡಕ್ಕೂ ಇರುವ ಭೇದವು ಸೆಳೆತದಲ್ಲಲ್ಲ, ಒತ್ತಿನಲ್ಲಿ ತೋರುತ್ತದೆ. ಮುಂದಿನ ವಾಹನವು ತಟ್ಟನೆ ಬ್ರೇಕು ಹಾಕಿತೆನ್ನಿ, ಹಿಂದಿನದಕ್ಕೆ ಬ್ರೇಕಿಲ್ಲ. ಮುಂದಿನ ವಾಹನವು ಭೂಮಿಯ ಆಕರ್ಷಣ ವೇಗೋತ್ಕರ್ಷದ ಹತ್ತರಲ್ಲಿ ಮೂರು ಪಾಲಿನಷ್ಟು ಬಿರುಸಾಗಿ ವೇಗವನ್ನು ಕಳೆದುಕೊಂಡರೆ, ಎಂಟು ಟನ್ನಿನ ಲಾರಿಯು ಎರಡು ಸಾವಿರದ ನಾಲ್ಕುನೂರು ಕಿಲೋ ಬಲದಿಂದ ದಂಡವನ್ನು ಒತ್ತುತ್ತದೆ. ಟಾರು ರಸ್ತೆಯಲ್ಲಿ ಎಳೆಯುವಾಗ ಇದ್ದುದಕ್ಕೆ ಇದು ಇಪ್ಪತ್ತು ಮಡಿ. ಸೆಳೆತಕ್ಕೆ ಸಿಕ್ಕಿದ ಉಕ್ಕು ನೆಟ್ಟಗಾಗುತ್ತದೆ. ಒತ್ತಿಗೆ ಸಿಕ್ಕಿದ ತೆಳುವಾದ ಉಕ್ಕು ನಡುವೆ ಬಿಲ್ಲಿನಂತೆ ಬಾಗಿ ಮಡಿಸಿಹೋಗುತ್ತದೆ. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ನೀಲಗಿರಿಯ ಕಡೆಗೆ ಹೋಗುವವರು ಹಿಂತಿರುಗಿ ಘಟ್ಟವನ್ನು ಇಳಿಯುವಾಗ ಈ ಒತ್ತು ಕ್ಷಣಮಾತ್ರದ್ದಾಗಿರದೆ ಮೈಲಿಗಟ್ಟಲೆ ಇರುವುದೆಂಬುದನ್ನು ನೆನೆಯಬೇಕು.

ಈ ಬಾಗುವಿಕೆಯ ನಿಯಮವನ್ನು ಹದಿನೆಂಟನೆಯ ಶತಮಾನದಲ್ಲಿಯೇ ಆಯ್ಲರ್ ಎಂಬ ಗಣಿತಜ್ಞನು ಕಂಡುಹಿಡಿದನು. ನೀಳವಾದ ದಂಡದ ಉದ್ದವನ್ನು ಇಮ್ಮಡಿಸಿದರೆ ಅದು ತಡೆಯಬಲ್ಲ ಒತ್ತು ಅರ್ಧಕ್ಕಲ್ಲ, ಕಾಲಿಗೆ ಇಳಿಯುತ್ತದೆ. ಆದುದರಿಂದ ತಿರುವಿನಲ್ಲಿ ಎರಡು ವಾಹನಗಳ ಮೂಲೆಗಳು ತಾಗದಷ್ಟು ಉದ್ದವಿದ್ದರೆ ಸಾಕು. ‘ಇನ್ನೂ ಒಂದು ಮೊಳ ಇರಲಿ’ ಎನ್ನುವುದು ಔದಾರ್ಯವಲ್ಲ. ಸಮತೂಕದ ಗಟ್ಟಿ ಸರಳಿಗಿಂತ ದಪ್ಪನೆಯ ಕೊಳವೆಯು ಬಾಗುವಿಕೆಯನ್ನು ಹೆಚ್ಚಾಗಿ ತಡೆಯುತ್ತದೆಂಬುದೂ ಇದೇ ನಿಯಮದ ಫಲ.

ಭಾರದ ವಾಹನಕ್ಕೆ ಒಂಟಿ ದಂಡಕ್ಕಿಂತ ಎರಡು ಕಾಲುಗಳುಳ್ಳ ದಂಡವೇ ಲೇಸು. ಕಾಲುಗಳೆರಡೂ ಹಿಂದಿನ ಲಾರಿಯ ಚೌಕಟ್ಟಿನ ಎರಡು ಮಗ್ಗುಲಿಗೆ ಸೇರಿ, ಮುಂದೆ ಒಂದು ಉಂಗುರದಲ್ಲಿ ಕೂಡುತ್ತವೆ. ಹೀಗಿದ್ದಾಗ ಲಾರಿಯು ಅತ್ತಿತ್ತ ಓಲಾಡುವುದು ಕಡಿಮೆ. ಕಾಲುಗಳ ನಡುವಣ ಕೋನವು ಅರವತ್ತು ಡಿಗ್ರಿಯಾದರೆ ಒಟ್ಟು ಬಲದಲ್ಲಿ ನೂರಕ್ಕೆ ಐವತ್ತೆಂಟರಷ್ಟು ಒಂದೊಂದು ಕಾಲಿನ ಪಾಲಿಗೆ ಬರುತ್ತದೆ. ನೂರಿಪ್ಪತ್ತು ಡಿಗ್ರಿಯಾದರೆ ಒಂದೊಂದು ಕಾಲೂ ಪೂರ್ತಿ ಬಲವನ್ನೇ ಹೊರಬೇಕು. ಇದು ನೇರ ಹಾದಿಯ ಲೆಕ್ಕ. ತಿರುವಿನಲ್ಲಿ ಒಂದು ಕಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಒಂದೇ ಕಾಲು ಎಲ್ಲವನ್ನೂ ಹೊರಬೇಕಾದೀತೆಂದು ಭಾವಿಸಿ ಆರಿಸುವುದು ಕ್ಷೇಮ.

ಕಾಲುಗಳನ್ನು ಎಲ್ಲಿಗೆ ಸೇರಿಸಬೇಕೆಂಬುದೂ ಮುಖ್ಯ. ಸೈನ್ಯದ ಲಾರಿಗಳ ಚೌಕಟ್ಟಿನ ತುದಿಯಲ್ಲಿ ಇದಕ್ಕೆಂದೇ ಉಕ್ಕಿನ ಕೊಂಡಿಗಳಿರುತ್ತವೆ. ಮುಂದಿನ ಬಂಪರು ಅಲಂಕಾರಕ್ಕೂ ಸಣ್ಣ ತಾಗುಗಳಿಗೂ ಇರುವುದು. ಅದಕ್ಕೆ ದಂಡವನ್ನು ಬಿಗಿಯಬಾರದು. ಅಮೆರಿಕದ ಮತ್ತು ನ್ಯಾಟೊ ಸೈನ್ಯಗಳ ಪದ್ಧತಿಯಂತೆ ದಂಡದ ಉಂಗುರದ ಒಳವ್ಯಾಸವು 76 ಮಿಲಿಮೀಟರು, ಎಂದರೆ ಮೂರಂಗುಲ. ಅದು ಎಳೆಯುವ ವಾಹನದ ಹಿಂದಿನ ಕೊಕ್ಕೆಗೆ ಸರಿಯಾಗಿ ಕೂರುತ್ತದೆ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನಲ್ಲಿ ಈ ಕೊಕ್ಕೆಯಿರುವುದಿಲ್ಲ, ಗೂಟ ತೂರಿಸುವ ಕಿವಿಯಿರುತ್ತದೆ. ದೊಡ್ಡ ಉಂಗುರಕ್ಕೆ ಸಣ್ಣ ಗೂಟವನ್ನು ಹಾಕಿದರೆ ಉಳಿಯುವ ಸಡಿಲವು ಹೆಜ್ಜೆಹೆಜ್ಜೆಗೂ ಸುತ್ತಿಗೆಯ ಪೆಟ್ಟಾಗಿ ಪರಿಣಮಿಸುತ್ತದೆ. ನಮ್ಮ ಊರುಗಳ ವೆಲ್ಡಿಂಗ್ ಅಂಗಡಿಯವರು ಕುಶಲರೇ. ಅವರ ಕೈಗೆಲಸದ ಮೇಲೆ ನನಗೆ ಸಂಶಯವಿಲ್ಲ. ಸಂಶಯವಿರುವುದು ಗುಜರಿಯಿಂದ ಬಂದ ಕೊಳವೆಯ ಮೇಲೆ. ಅದು ಯಾವ ಉಕ್ಕು, ಎಷ್ಟು ತುಕ್ಕು ತಿಂದಿದೆ ಎಂಬುದನ್ನು ಕಣ್ಣು ಹೇಳಲಾರದು. ತಾಳುವ ತೂಕವನ್ನು ಮೇಲೆ ಮುದ್ರಿಸಿರುವ ದಂಡಕ್ಕೆ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ.

ದಂಡವು ಉತ್ತಮವಾದರೂ ಎಳೆಯುವ ವಾಹನವು ಹಗುರವಾದರೆ ಪ್ರಯೋಜನವಿಲ್ಲ. ಹಿಂದಿನ ಭಾರವು ಮುಂದಿನದನ್ನು ತಿರುವಿನಲ್ಲಿ ಪಕ್ಕಕ್ಕೆ ನೂಕಿ, ಎರಡೂ ಚಾಕುವಿನಂತೆ ಮಡಿಸಿಕೊಳ್ಳುತ್ತವೆ. ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಭಾರವಾಗಿರಲಿ, ಸಮವಾದರೂ ಆಗಿರಲಿ. ದಂಡವು ನೆಲಕ್ಕೆ ಸಮಾಂತರವಾಗಿ ನಿಲ್ಲುವಂತೆ ನೋಡಿಕೊಳ್ಳಬೇಕು. ಓರೆಯಾದರೆ ಬ್ರೇಕು ಹಾಕಿದಾಗ ಒತ್ತು ಒಂದು ವಾಹನದ ತುದಿಯನ್ನು ಮೇಲಕ್ಕೆತ್ತುತ್ತದೆ. ಹಿಂದಿನ ಲಾರಿಯ ಗೇರುಪೆಟ್ಟಿಗೆಯನ್ನೂ ಮರೆಯಬಾರದು. ಎಂಜಿನು ನಿಂತಿರುವಾಗ ಚಕ್ರಗಳು ಮಾತ್ರ ತಿರುಗಿದರೆ ಪೆಟ್ಟಿಗೆಯೊಳಗಿನ ಕೆಲವು ಭಾಗಗಳಿಗೆ ಎಣ್ಣೆ ಸಿಡಿಯುವುದಿಲ್ಲ. ಅವು ಕಾದು ಕೆಡುತ್ತವೆ. ದೂರದ ಪ್ರಯಾಣವಾದರೆ ಚಕ್ರಗಳಿಗೆ ಹೋಗುವ ಉದ್ದನೆಯ ತಿರುಗುಕಂಬಿಗಳನ್ನು ಬಿಚ್ಚಿಡುವುದು ರೂಢಿ. ಗಾಳಿಯ ಬ್ರೇಕುಳ್ಳ ಈಚಿನ ವಾಹನಗಳಲ್ಲಿ ಗಾಳಿ ಖಾಲಿಯಾದರೆ ಸ್ಪ್ರಿಂಗು ಬ್ರೇಕನ್ನು ಹಿಡಿದುಬಿಡುತ್ತದೆ. ಮುಂದಿನ ವಾಹನದಿಂದ ಗಾಳಿಯ ಕೊಳವೆಯನ್ನು ಜೋಡಿಸಿದರೆ ಚಕ್ರಗಳೂ ಬಿಡುತ್ತವೆ, ಬ್ರೇಕೂ ಕೆಲಸಕ್ಕೆ ಬರುತ್ತದೆ.

ಭಾರತದಲ್ಲಿ 1989ರ ರಸ್ತೆ ನಿಯಮಗಳು ಈ ವಿಷಯದಲ್ಲಿ ಕೆಲವು ಕಟ್ಟಳೆಗಳನ್ನು ವಿಧಿಸಿದುವು. ಎರಡು ವಾಹನಗಳ ನಡುವಣ ಅಂತರವು ಐದು ಮೀಟರನ್ನು ಮೀರಕೂಡದಾಗಿತ್ತು. ವೇಗವು ಗಂಟೆಗೆ 24 ಕಿಲೋಮೀಟರನ್ನು ಮೀರಕೂಡದಾಗಿತ್ತು. ಹಿಂದಿನ ವಾಹನದ ಚುಕ್ಕಾಣಿಯಲ್ಲಿ ಪರವಾನಗಿಯುಳ್ಳವನೊಬ್ಬನು ಕುಳಿತಿರಬೇಕು, ಇಲ್ಲವೆ ಅದರ ಮುಂಚಕ್ರಗಳನ್ನು ನೆಲದಿಂದ ಎತ್ತಿ ಭದ್ರಪಡಿಸಿರಬೇಕು ಎಂದಿತ್ತು. ಹಿಂಬದಿಯಲ್ಲಿ ‘ಎಳೆಯಲ್ಪಡುತ್ತಿದೆ’ ಎಂಬರ್ಥದ ಇಂಗ್ಲಿಷ್ ಫಲಕವು ಬಿಳಿಯ ನೆಲದ ಮೇಲೆ 75 ಮಿಲಿಮೀಟರಿಗೆ ಕಡಿಮೆಯಿಲ್ಲದ ಕಪ್ಪಕ್ಷರಗಳಲ್ಲಿರಬೇಕಾಗಿತ್ತು. ನರಸೀಪುರದ ಕುಂಭಮೇಳವೋ ನಂಜನಗೂಡಿನ ಜಾತ್ರೆಯೋ ನಡೆಯುವ ದಿನಗಳಲ್ಲಿ ಈ ಪ್ರಯಾಣವನ್ನು ಇಟ್ಟುಕೊಳ್ಳದೆ, ಬೇರೊಂದು ದಿನ ಬೆಳಗಿನ ಜಾವದಲ್ಲಿ ಹೊರಟರೆ ರಸ್ತೆಯೂ ಬರಿದಾಗಿರುತ್ತದೆ. ಮೊದಲ ಒಂದೆರಡು ಮೈಲಿಯಾದ ಮೇಲೆ ನಿಲ್ಲಿಸಿ ಗೂಟ, ಕೊಂಡಿ, ಉಂಗುರಗಳನ್ನು ಮತ್ತೊಮ್ಮೆ ಮುಟ್ಟಿ ನೋಡಲು ಅವಕಾಶವೂ ಇರುತ್ತದೆ.