ಗದ್ದೆಯಲ್ಲಿ ಹೂತ ಕಬ್ಬಿಣ: ಹುಡುಕಲು ಯಾವ ತಟ್ಟೆ ಸರಿ?

ನಮ್ಮ ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತೇವೆ. ಕೆಸರು ಹೊಡೆಯಲು ಟ್ರ್ಯಾಕ್ಟರಿನ ಕೇಜ್‌ವೀಲು, ಕೊಯ್ಲಿಗೆ ಯಂತ್ರ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಪ್ರತಿ ಹಂಗಾಮಿನಲ್ಲೂ ಒಂದಿಷ್ಟು ಕಬ್ಬಿಣ ಗದ್ದೆಯಲ್ಲೇ ಉಳಿಯುತ್ತದೆ. ಕಳಚಿದ ಬೋಲ್ಟು, ಮುರಿದ ಪಟ್ಟಿ, ಕೊಯ್ಲು ಯಂತ್ರದ ಹಲ್ಲು, ಬೇಲಿ ತಂತಿಯ ತುಂಡು.

ಮುಂದಿನ ನಾಟಿಗೆ ಅದೇ ಕೆಸರಿಗೆ ಬರಿಗಾಲಲ್ಲಿ ಇಳಿಯುವವರು ಹೆಣ್ಣುಮಕ್ಕಳು. ನಮ್ಮಲ್ಲಿಗೆ ನಾಟಿಗೆ ಬಂದಿದ್ದ ಒಬ್ಬ ಅಕ್ಕನ ಪಾದಕ್ಕೆ ಇಂಥದೇ ಪಟ್ಟಿ ಹೊಕ್ಕಿತು. ಹೊಲಿಗೆ, ಧನುರ್ವಾಯು ಸೂಜಿ, 15 ದಿನದ ಕೂಲಿ ಖೋತಾ. ಹುಲ್ಲಿನ ಜೊತೆ ತಂತಿ ನುಂಗಿದ ಎಮ್ಮೆಯ ಕಥೆ ಇನ್ನೂ ಕೆಟ್ಟದ್ದು. ತಂತಿ ಎರಡನೇ ಹೊಟ್ಟೆಯಲ್ಲಿ ಕೂತು, ಅಲ್ಲಿಂದ ಚುಚ್ಚುತ್ತ ಹೃದಯದ ತನಕ ಹೋಗಬಹುದು.

ಹಾಗಾಗಿ ಈ ಬೇಸಿಗೆಯಲ್ಲಿ ಲೋಹ ಹುಡುಕುವ ಯಂತ್ರ, ಅಂದರೆ ಮೆಟಲ್ ಡಿಟೆಕ್ಟರ್, ತಂದು ನೋಡಿದೆ. ರಾಯಚೂರು ಪೇಟೆಯಲ್ಲಿ ಹೂತ ಪೈಪು ಹುಡುಕುವ ಕೆಲಸ ಮಾಡುವ ಪರಿಚಯದವರೊಬ್ಬರು 4 ದಿನಕ್ಕೆ ಕೊಟ್ಟರು. ಜೊತೆಗೆ ಎರಡು ತಟ್ಟೆ. ‘ಯಂತ್ರ ಒಂದೇ ರೀ, ಆದರೆ ತಟ್ಟೆ ಬದಲಾದರೆ ಅದರ ಗುಣವೇ ಬೇರೆ’ ಅಂದರು. ಅದು ಖರೆ.

ತಟ್ಟೆಯೊಳಗೆ ಏನಿದೆ?

ತಟ್ಟೆಯಲ್ಲಿರುವುದು ತಾಮ್ರದ ತಂತಿಯ ಸುರುಳಿ, ಅದೇ ಕಾಯಿಲ್. ಒಂದು ಸುರುಳಿ ನೆಲದೊಳಕ್ಕೆ ಕಾಂತಶಕ್ತಿ ಬಿಡುತ್ತದೆ. ಅದು ಲೋಹಕ್ಕೆ ತಾಗಿದರೆ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿ ಏಳುತ್ತದೆ. ಎರಡನೇ ಸುರುಳಿ ಆ ಬದಲಾವಣೆ ಹಿಡಿದು ಸದ್ದು ಮಾಡುತ್ತದೆ.

ಕಾನ್‌ಸೆಂಟ್ರಿಕ್ ಎಂಬ ತಟ್ಟೆಯಲ್ಲಿ ದೊಡ್ಡ ಬಳೆಯೊಳಗೆ ಸಣ್ಣ ಬಳೆ ಇಟ್ಟಂತೆ ಸುರುಳಿಗಳಿರುತ್ತವೆ. ಇದರ ನೋಟ ಆಲಿಕೆಯಂತೆ. ಕೆಳಗೆ ಹೋದಷ್ಟೂ ಕಿರಿದು. ವಸ್ತು ತಟ್ಟೆಯ ನಡುವೆ ಬಂದಾಗ ಸದ್ದು ಜೋರು. ಎಲ್ಲಿ ಅಗೆಯಬೇಕೆಂದು ಕೂಡಲೇ ಗೊತ್ತಾಗುತ್ತದೆ.

ಡಬಲ್ ಡಿ ತಟ್ಟೆಯಲ್ಲಿ ಇಂಗ್ಲಿಷಿನ ‘ಡಿ’ ಅಕ್ಷರದ ಎರಡು ಸುರುಳಿ ಬೆನ್ನಿಗೆ ಬೆನ್ನು ಕೊಟ್ಟು, ನಡುವೆ ಒಂದರ ಮೇಲೊಂದು ಸ್ವಲ್ಪ ಹತ್ತಿರುತ್ತವೆ. ಇದರ ನೋಟ ಕುಂಟೆಯ ಕುಡದಂತೆ, ಮುಂದಿನಿಂದ ಹಿಂದಕ್ಕೆ ಉದ್ದ ಪಟ್ಟಿ. ಕಡಿಮೆ ಸಾಲಿನಲ್ಲಿ ಹೆಚ್ಚು ನೆಲ ಮುಗಿಯುತ್ತದೆ. ಆದರೆ ಜಾಗ ಗುರುತಿಸಲು ಒಮ್ಮೆ ಅಡ್ಡ, ಒಮ್ಮೆ ಉದ್ದ ಆಡಿಸಿ ಗುಣಿಸು ಗುರುತು ಹಾಕಿಕೊಳ್ಳಬೇಕು.

ಮಣ್ಣೇ ತೀರ್ಪುಗಾರ

ಮಾನ್ವಿಯ ನಮ್ಮ ಎರೆಮಣ್ಣಿನಲ್ಲಿ ಹಳೇ ಕುಡುಗೋಲು, ಬೋಲ್ಟು ಹೂತು ಎರಡೂ ತಟ್ಟೆ ಆಡಿಸಿದೆ. ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕಾನ್‌ಸೆಂಟ್ರಿಕ್ಕಿನಲ್ಲಿ ಅಗೆತ ಸಲೀಸಾಯಿತು. ದೇವದುರ್ಗದ ಬೀಗರ ಮಸಾರಿ ಹೊಲಕ್ಕೆ ಒಯ್ದಾಗ ಅದೇ ತಟ್ಟೆ ಏನೂ ಇಲ್ಲದ ಕಡೆಯೂ ಕೂಗಿತು. ಡಬಲ್ ಡಿ ಹಾಕಿದ ಮೇಲೆ ಸುಮ್ಮನಾಯಿತು, ಬೋಲ್ಟೂ ಸಿಕ್ಕಿತು.

ಕಾರಣ ಮಣ್ಣಿನಲ್ಲಿರುವ ಕಬ್ಬಿಣದ ಹರಳು. ಕಾನ್‌ಸೆಂಟ್ರಿಕ್ ತಟ್ಟೆ ಅದನ್ನೂ ಲೋಹವೆಂದು ತಿಳಿಯುತ್ತದೆ. ಡಬಲ್ ಡಿ ಮಣ್ಣಿನ ಸದ್ದನ್ನು ಬಹುಪಾಲು ತಳ್ಳಿಹಾಕುತ್ತದೆ. ಮಣ್ಣಿನ ಬಣ್ಣ ನೋಡಿ ಮಾತ್ರ ನಿರ್ಧರಿಸಬೇಡಿ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣಮಣ್ಣಿನಲ್ಲಿ ಎಳೆಯಿರಿ. ಕಪ್ಪು ಪುಡಿ ದಟ್ಟವಾಗಿ ಅಂಟಿದರೆ ಡಬಲ್ ಡಿ ಬೇಕು.

ಸವಳು ಭೂಮಿಯವರು ಇನ್ನೊಂದು ಗಮನಿಸಬೇಕು. ಉಪ್ಪುಮಣ್ಣು ಹಸಿ ಇದ್ದಾಗ ಅದರಲ್ಲೇ ವಿದ್ಯುತ್ ಹರಿದು ಸುಳ್ಳು ಸದ್ದು ಬರುತ್ತದೆ. ಗದ್ದೆ ಒಣಗಿದಾಗ ಹುಡುಕುವುದೇ ಮೇಲು. ಹೈಟೆನ್ಶನ್ ಲೈನು, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿಯೂ ಯಂತ್ರ ಗೊಣಗುತ್ತದೆ. ಅಲ್ಲಿ ಸೂಕ್ಷ್ಮತೆಯ ಗುಂಡಿ ಇಳಿಸಬೇಕು.

ಎಷ್ಟು ದೊಡ್ಡದು?

ಕಣ, ಟ್ರ್ಯಾಕ್ಟರ್ ನಿಲ್ಲಿಸುವ ಜಾಗದಂಥ ಕಸ ಹೆಚ್ಚಿರುವ ಕಡೆ 5-6 ಇಂಚಿನ ತಟ್ಟೆ ಸಾಕು. ಒಂದೊಂದೇ ಮೊಳೆ ಬೇರೆಬೇರೆಯಾಗಿ ಕೇಳುತ್ತದೆ. ಗದ್ದೆಗೆ 10-11 ಇಂಚು ಅನುಕೂಲ. 15 ಇಂಚಿನದು ಆಳದ ದೊಡ್ಡ ವಸ್ತುವಿಗೆ ಚೆನ್ನ, ಆದರೆ ಸಣ್ಣ ಮೊಳೆ ತಪ್ಪಿಸುತ್ತದೆ, ತೋಳೂ ಸೋಲುತ್ತದೆ. ನಾಣ್ಯದಷ್ಟು ವಸ್ತುವಾದರೆ ತಟ್ಟೆಯ ಅಗಲದಷ್ಟೇ ಆಳ ಎಂಬುದು ಒಂದು ಅಂದಾಜು. 10 ಅಡಿ ಆಳದ ಮೊಳೆ ಹಿಡಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ್ರಿ.

ಬಳಸುವಾಗ ನೆನಪಿಡಿ: ತಟ್ಟೆ ನೆಲಕ್ಕೆ ಒಂದು ಇಂಚು ಹತ್ತಿರ, ಸಮನಾಗಿ ಆಡಲಿ; ಕೊನೆಗೆ ಮೇಲಕ್ಕೆತ್ತಬೇಡಿ. ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರಲಿ. ಸಲಿಕೆ, ಗುದ್ದಲಿ ದೂರವಿರಲಿ. ಮುಖ್ಯವಾದದ್ದು, ಬಹಳ ಯಂತ್ರಗಳಲ್ಲಿ ಕಬ್ಬಿಣ ಬಿಟ್ಟು ಬೇರೆ ಲೋಹ ಹುಡುಕುವ ಗುಂಡಿ ಇರುತ್ತದೆ. ಅದು ನಾಣ್ಯ ಹುಡುಕುವವರಿಗೆ. ನಮಗೆ ಬೇಕಾದದ್ದು ಕಬ್ಬಿಣವೇ. ಎಲ್ಲ ಲೋಹ ಹಿಡಿಯುವ ಕಡೆಗೆ ಗುಂಡಿ ತಿರುಗಿಸಿಕೊಳ್ಳಿ. ತಟ್ಟೆ ಬೇರೆ ಕೊಳ್ಳುವುದಾದರೆ ಅದೇ ಯಂತ್ರಕ್ಕೆ ಮಾಡಿದ್ದನ್ನೇ ಕೇಳಿ. ಪಿನ್ನು ಕೂತ ಮಾತ್ರಕ್ಕೆ ಹೊಂದುವುದಿಲ್ಲ.

ಚಿನ್ನದ ಮಾತು

ಯಂತ್ರ ಹೊಲಕ್ಕೆ ಬಂದ ದಿನವೇ ನಾಲ್ಕು ಮಂದಿ ‘ಬಂಗಾರ ಸಿಗ್ತದೇನ್ರೀ?’ ಅಂತ ಕೇಳಿದರು. ಹಟ್ಟಿ ಗಣಿ ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ! ಮಸ್ಕಿಯ ಅಶೋಕ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದೂ ಬೀಡನ್ ಎಂಬ ಗಣಿ ಎಂಜಿನಿಯರಿಗೇ. ಆದರೆ ಹಟ್ಟಿಯ ಚಿನ್ನ ಗಟ್ಟಿಯಾಗಿ ಕೂತಿಲ್ಲ. ಒಂದು ಟನ್ ಅದಿರು ಪುಡಿ ಮಾಡಿದರೆ ಕೆಲವೇ ಗ್ರಾಂ. ಬಂಡೆಯಲ್ಲಿ ಹರಡಿದ ಆ ಸಣ್ಣ ಕಣವನ್ನು ಯಾವ ತಟ್ಟೆಯೂ ಕೂಗಿ ಹೇಳದು. ‘ನಿಧಿ ತೋರಿಸುವ ಯಂತ್ರ’ ಅಂತ ಲಕ್ಷ ಕೇಳುವವರ ಕೈಗೆ ಸಾಲದ ದುಡ್ಡು ಕೊಡಬೇಡಿ. ಹೊಲದಲ್ಲಿ ನಿಧಿ ಸಿಕ್ಕರೆ 1962ರ ಕರ್ನಾಟಕದ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಕೋಟೆ, ಗುಡಿ, ಹಳೇ ದಿಬ್ಬದ ರಕ್ಷಿತ ಜಾಗದಲ್ಲಿ ಅಗೆದರೆ ಕೇಸು ಬೀಳುತ್ತದೆ.

ನನ್ನ ಲೆಕ್ಕ ಇಷ್ಟು. ಒಬ್ಬ ರೈತ ಒಂಟಿಯಾಗಿ ಯಂತ್ರ ಕೊಳ್ಳುವುದು ಬೇಡ. ವರ್ಷಕ್ಕೆ ನಾಲ್ಕು ದಿನದ ಕೆಲಸ. ಹತ್ತು ಮನೆ ಸೇರಿ ಒಂದು ತರಬಹುದು. ಎರೆ, ಮಸಾರಿ ಎರಡೂ ಇರುವ ಊರಿಗೆ 10-11 ಇಂಚಿನ ಡಬಲ್ ಡಿ ಒಂದೇ ಸಾಕು. ಕಣದ ಮೇಲ್ಮೈಯ ಮೊಳೆಗೆ ಅದೂ ಬೇಡ. ಕೆಟ್ಟ ಸ್ಪೀಕರಿನ ಅಯಸ್ಕಾಂತ ಬಿಚ್ಚಿ, ಹಗ್ಗ ಕಟ್ಟಿ ಎಳೆಯಿರಿ. ನಾಲ್ಕು ದಿನದಲ್ಲಿ ನಮ್ಮ ಗದ್ದೆಗಳಿಂದ ಅರ್ಧ ಬಕೀಟು ಕಬ್ಬಿಣ ಬಂತು. ಗುಜರಿಯಲ್ಲಿ ಅದಕ್ಕೆ ಬೆಲೆ ಇಲ್ಲ. ನಾಟಿಗೆ ಇಳಿಯುವ ಕಾಲುಗಳಿಗೆ ಇದೆ.